ಅಕ್ಕನಿಗೆ ಜಯಂತಿ, ಮಗಳಿಗೆ ಬೀಗ

ಪ್ರತಿ ವರ್ಷ ದವನದ ಹುಣ್ಣಿಮೆಗೆ ಅಕ್ಕಮಹಾದೇವಿಯ ಜಯಂತಿ ಆಚರಿಸುತ್ತೇವೆ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಒಬ್ಬಳೇ ನಡೆದಳೆಂದು ವೇದಿಕೆಯ ಮೇಲೆ ಕೊಂಡಾಡುತ್ತೇವೆ. ವೇದಿಕೆ ಇಳಿದವರೇ ಮನೆಗೆ ಹೋಗಿ, ಬೆಂಗಳೂರಿಗೆ ಕೆಲಸಕ್ಕೆ ಹೊರಟ ಮಗಳನ್ನು "ಒಬ್ಬಾಕಿನ ಹ್ಯಾಂಗ ಹೋಗ್ತಿ?" ಎಂದು ತಡೆಯುತ್ತಾರೆ. ಶರಣ ಬಂಧುಗಳೇ, ಆ ಭಯವನ್ನು ನಾನು ಹಗುರಾಗಿ ಕಾಣುವವಳಲ್ಲ. ನನಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ನನ್ನ ತಕರಾರು ಭಯದ ಬಗ್ಗೆ ಅಲ್ಲ, ಅದಕ್ಕೆ ನಾವು ಕಂಡುಕೊಂಡ ಒಂದೇ ಮದ್ದಿನ ಬಗ್ಗೆ: ಬೀಗ.

ಬೀಗ ಯಾರನ್ನು ಕಾದಿದೆ? 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಕೊಲೆಯಾದ ವಿದ್ಯಾರ್ಥಿನಿ ನಡುರಾತ್ರಿ ತಿರುಗುತ್ತಿರಲಿಲ್ಲ. ಹಗಲು ಹೊತ್ತಿನಲ್ಲಿ ಕಾಲೇಜಿನ ಆವರಣದಲ್ಲೇ ಇದ್ದಳು. ತಿಂಗಳು ತುಂಬುವುದರೊಳಗೆ ಅದೇ ಊರಿನಲ್ಲಿ ಇನ್ನೊಬ್ಬ ಯುವತಿ ಕೊಲೆಯಾದಳು, ಬೆಳಗಿನ ಜಾವ, ತನ್ನ ಮನೆಯೊಳಗೆ. ಬೆದರಿಕೆಯ ವಿಷಯ ಪೊಲೀಸರಿಗೆ ಮೊದಲೇ ಹೇಳಿದ್ದೆವೆಂದು ಮನೆಯವರು ಗೋಳಿಟ್ಟರು. (ಆರೋಪಿಯ ಧರ್ಮ ನೋಡಿ ಕೂಗು ಏರಿಸುವುದು, ಇಳಿಸುವುದು ಶರಣರ ದಾರಿಯಲ್ಲ. ಇದನ್ನೂ ಇಲ್ಲೇ ಹೇಳಿಬಿಡುತ್ತೇನೆ.)

2021ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಸಾಮೂಹಿಕ ಅತ್ಯಾಚಾರ ನಡೆದಾಗ ಅಲ್ಲಿನ ವಿಶ್ವವಿದ್ಯಾನಿಲಯ, ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಒಂಟಿಯಾಗಿ ಓಡಾಡಬಾರದೆಂದು ಸುತ್ತೋಲೆ ಹೊರಡಿಸಿತು. ಟೀಕೆ ಬಂದ ಮೇಲೆ ಹಿಂತೆಗೆದುಕೊಂಡಿತು. ನಮ್ಮ ಸಮಾಜದ ಎಷ್ಟೋ ವಿದ್ಯಾರ್ಥಿನಿ ನಿಲಯಗಳಿಗೆ ಸುತ್ತೋಲೆಯೇ ಬೇಕಿಲ್ಲ. ಹೊತ್ತು ಮುಳುಗುತ್ತಲೇ ಗೇಟು ಮುಚ್ಚಿರುತ್ತದೆ. ಬಸ್ಸು ತಡವಾಗಿ ಬಂದ ಹುಡುಗಿ ಗೇಟಿನ ಹೊರಗೆ ನಿಂತು ವಾರ್ಡನ್ನರ ಕೈಕಾಲು ಹಿಡಿಯಬೇಕು. ಅಂದರೆ ಆಸರೆ ಬೇಕಾದ ಹೊತ್ತಿನಲ್ಲೇ ಅವಳನ್ನು ಬೀದಿಯಲ್ಲಿ ನಿಲ್ಲಿಸಿ, ಅದಕ್ಕೆ ಸುರಕ್ಷತೆ ಎಂದು ಹೆಸರಿಟ್ಟಿದ್ದೇವೆ!

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಬೀದರಿನ ಹುಡುಗಿ ಟಿಕೆಟ್ಟಿನ ಹಣವಿಲ್ಲದೆಯೂ ಬೆಂಗಳೂರು ಮುಟ್ಟಬಲ್ಲಳು. ಮುಟ್ಟಿದ ಮೇಲೆ? ನನ್ನ ತಂಗಿಯ ಮಗಳು ಪರೀಕ್ಷೆಗೆಂದು ನಸುಕಿನಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿದಳು. ಲಾಡ್ಜಿನವನು "ಜೊತೆಗೆ ಯಾರು?" ಎಂದು ಕೇಳಿ ಕೋಣೆ ಕೊಡಲಿಲ್ಲ. ನಮ್ಮವರದೇ ಒಂದು ಕಲ್ಯಾಣ ಮಂಟಪಕ್ಕೆ ಹೋದರೆ, ಒಂಟಿ ಹೆಣ್ಣುಮಕ್ಕಳಿಗೆ ಅವಕಾಶವಿಲ್ಲ ಎಂದ ಕಾವಲುಗಾರ. ಹಣೆಯ ವಿಭೂತಿ ಅವನಿಗೆ ಕಾಣಲಿಲ್ಲವೆಂಬುದು ನನ್ನ ದೂರಲ್ಲ. ವಿಭೂತಿ ಇಲ್ಲದವಳನ್ನೂ ಒಳಗೆ ಕರೆಯಬೇಕಿತ್ತು. ಅವಳು ಮತ್ತೆ ನಿಲ್ದಾಣಕ್ಕೇ ಬಂದು, ಅಲ್ಲಿನ ಶೌಚಾಲಯದಲ್ಲೇ ಮುಖ ತೊಳೆದು ಪರೀಕ್ಷೆಗೆ ಹೋದಳು.

ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ಗಂಡುಮಕ್ಕಳು ಇಂದು ದೊಡ್ಡ ಹುದ್ದೆಗಳಲ್ಲಿದ್ದಾರೆ. ಅದೇ ದಾಸೋಹವನ್ನು ನಗರಕ್ಕೆ ಬರುವ ಹೆಣ್ಣುಮಕ್ಕಳಿಗೂ ಕೇಳುತ್ತಿದ್ದೇನೆ. ನಗರದ ಪ್ರತಿ ಶಾಖಾಮಠದಲ್ಲಿ, ಪ್ರತಿ ಸಮುದಾಯ ಭವನದಲ್ಲಿ ಎರಡು ಕೋಣೆ, ಒಬ್ಬ ಮಹಿಳಾ ಮೇಲ್ವಿಚಾರಕಿ, ರಾತ್ರಿಯೂ ಎತ್ತುವ ಒಂದು ಫೋನು. ಜಾತಿ ಕೇಳಕೂಡದು. ತಡವಾಗಿ ಬಂದವಳಿಗೆ ಮೊದಲು ಗೇಟು ತೆಗೆಯಿರಿ, ಪ್ರಶ್ನೆ ಬೆಳಿಗ್ಗೆ ಕೇಳಿ. ಇನ್ನೊಂದು: ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾನೂನು ಹೇಳುತ್ತದೆ. ನಮ್ಮ ಶಾಲೆ ಕಾಲೇಜುಗಳೇನೂ ಅದರ ಹೊರಗಿಲ್ಲ. ಸದಸ್ಯರ ಹೆಸರು ಗೋಡೆಯ ಮೇಲಿದೆಯೇ, ಹೋಗಿ ನೋಡಿ.

"ಏನಾದರೂ ಆದರೆ ಮಠದ ಹೆಸರು ಕೆಡುತ್ತದೆ" ಎನ್ನುವವರಿದ್ದಾರೆ. ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮಪ್ರಭುಗಳು ಕಟುವಾಗಿಯೇ ಪ್ರಶ್ನಿಸಿದರು. ಆದರೆ ಅನುಭವ ಮಂಟಪದ ಹೆಸರು ಕೆಡುತ್ತದೆಂದು ಬಾಗಿಲು ಹಾಕಲಿಲ್ಲ.

ಮುಂದಿನ ಟ್ರಸ್ಟ್ ಸಭೆಯ ವಿಷಯಪಟ್ಟಿಯಲ್ಲಿ ಆ ಎರಡು ಕೋಣೆಗಳನ್ನು ಸೇರಿಸಿ. ಸಭೆಯಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಕುಳಿತಿದ್ದಾರೆಂದೂ ಎಣಿಸಿ.