ವೋಚರ್ ಇಲ್ಲದ ಪಾತ್ರಚಿತ್ರಣ

1/6
‘ಮಂಗಮ್ಮನ ಪಾತ್ರವನ್ನು ಚಿತ್ರಿಸಿ.’ ಇಂಥ ಪ್ರಶ್ನೆಗೆ ನಾವೆಲ್ಲ ಬರೆಯೋ ಉತ್ತರ ಗೊತ್ತೇ ಇದೆ: ಮುಗ್ಧೆ, ಸ್ವಾಭಿಮಾನಿ, ಮಮತಾಮಯಿ, ಸ್ವಲ್ಪ ಹಠಮಾರಿ. ಮುಗೀತು, ಮಾರ್ಕ್ಸ್ ಬಂತು. ಈಗ ಮಂಗಮ್ಮನ ಹೆಸರು ಅಳಿಸಿ ಬೇರೆ ಯಾವುದೇ ಕತೆಯ ಅಜ್ಜಿಯ ಹೆಸರು ಹಾಕಿ. ಉತ್ತರ ಅಲ್ಲೂ ಸರಿಹೋಗುತ್ತೆ! ಯಾರಿಗೆ ಬೇಕಾದ್ರೂ ಹೊಂದೋ ಉತ್ತರ ಪಾತ್ರಚಿತ್ರಣ ಹೇಗಾಗುತ್ತೆ?

2/6
ಕಾಮರ್ಸ್‌ನವರಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ವೋಚರ್ ಇಲ್ಲದೆ ಎಂಟ್ರಿ ಪಾಸ್ ಮಾಡಿದ್ರೆ ಆಡಿಟರ್ ಬಿಡ್ತಾರಾ? ‘ಸ್ವಾಭಿಮಾನಿ’ ಅನ್ನೋದು ಒಂದು ಎಂಟ್ರಿ. ಅದರ ವೋಚರ್ ಕತೆಯೊಳಗಿದೆ, ಆ ಪಾತ್ರ ಏನು ಮಾಡಿತು, ಏನು ಹೇಳಿತು, ಏನನ್ನು ಹೇಳದೆ ನುಂಗಿಕೊಂಡಿತು ಅನ್ನೋದರಲ್ಲಿ. ಭಾಷಾ ತರಗತಿಯಲ್ಲಿ ನಮಗೆ ಎಂಟ್ರಿ ಮಾತ್ರ ಡಿಕ್ಟೇಟ್ ಮಾಡ್ತಾರೆ. ವೋಚರ್ ಹುಡುಕೋ ಕೆಲಸ ಕೊಡೋದೇ ಇಲ್ಲ.

3/6
ಮಾಸ್ತಿಯವರ ‘ಮೊಸರಿನ ಮಂಗಮ್ಮ’ನನ್ನೇ ನೋಡಿ. ಮೊಮ್ಮಗನನ್ನು ಹೊಡೆದದ್ದಕ್ಕೆ ಸೊಸೆ ಜತೆ ಜಗಳ ಆಗಿ ಬೇರೆ ಆಗ್ತಾಳೆ. ಅಷ್ಟು ದಿನ ಮನೆಗೆ ಅಂತ ಕಾಸು ಕೂಡಿಟ್ಟವಳು ಆಮೇಲೆ ತನಗೋಸ್ಕರ ಒಂದು ಮಖಮಲ್ ಜಾಕೀಟು ಹೊಲಿಸ್ಕೊಳ್ತಾಳೆ. ಯಾಕೆ? ಇದು ಜಂಬವಾ? ಸೊಸೆ ಮೇಲಿನ ಸೇಡಾ? ‘ಇನ್ನು ಯಾರಿಗೋಸ್ಕರ ಉಳಿಸಲಿ’ ಅನ್ನೋ ಒಂಟಿತನವಾ? ಮೂರೂ ಇರಬಹುದು. ಕ್ಲಾಸಲ್ಲಿ ಇಡೀ ಪೀರಿಯಡ್ ಜಗಳ ಆಡಬಹುದಾದ ಪ್ರಶ್ನೆ ಇದು. ಮಂಗಮ್ಮ ಇಡೀ ಇರೋದು ಆ ಒಂದು ಜಾಕೀಟಿನಲ್ಲಿ. ನಮ್ಮ ನೋಟ್ಸ್‌ನಲ್ಲಿ ಅದಕ್ಕೆ ಸಿಗೋದು ಸಾರಾಂಶದ ಒಂದು ಸಾಲು.

4/6
ಕತೆಯ ‘ಭಾವ’ ಅಂದ್ರೂ ಇದೇ ಪಾಡು. ‘ಈ ಕತೆಯಲ್ಲಿ ಕರುಣರಸವಿದೆ’ ಅಂತ ಬರೆಸಿ ಮುಂದಕ್ಕೆ ಹೋಗ್ತಾರೆ. ರಷ್ಯಾದ ಚೆಕಾಫ್ 1886ರಲ್ಲಿ ಬರೆದ ಒಂದು ಕತೆಯಲ್ಲಿ ಇಯೋನಾ ಅನ್ನೋ ಮುದುಕ ಗಾಡಿಯವನಿದ್ದಾನೆ. ಅವನ ಮಗ ಸತ್ತಿದ್ದಾನೆ ಅಂತ ನಮಗೆ ಮೊದಲೇ ಗೊತ್ತಾಗಲ್ಲ. ಮೊದಲು ಕಾಣೋದು ಮುಸ್ಸಂಜೆ, ಬೀಳ್ತಿರೋ ಹಿಮ, ಮೈಮೇಲೆ ಹಿಮ ಕೂತು ಬೆಳ್ಳಗಾದ್ರೂ ಅಲುಗಾಡದೆ ಬಾಗಿ ಕೂತಿರೋ ಮನುಷ್ಯ. ಸಾವಿನ ಸುದ್ದಿಗಿಂತ ಮುಂಚೆ ಭಾರ ಬಂದು ನಮ್ಮ ಎದೆ ಮೇಲೆ ಕೂತಾಗಿದೆ. ಗಾಡಿ ಹತ್ತಿದ ಯಾರೂ ಅವನ ಮಾತು ಕೇಳಲ್ಲ. ಕೊನೆಗೆ ಅವನು ಹೇಳ್ಕೊಳ್ಳೋದು ತನ್ನ ಕುದುರೆ ಹತ್ರ. ಒಂದು ಪ್ರಯೋಗ ಮಾಡಿ: ಹಿಮ ತೆಗೆದು ಅದೇ ಕತೇನ ಸುಡು ಮಧ್ಯಾಹ್ನಕ್ಕೆ ಹಾಕಿ, ಏನು ಬದಲಾಗುತ್ತೆ ನೋಡಿ. ಆ ಬದಲಾವಣೆಯೇ ಭಾವದ ಪಾಠ. ಡಿಕ್ಟೇಶನ್‌ನಿಂದ ಅದು ಬರಲ್ಲ.

5/6
‘ಸಿಲಬಸ್ ಮುಗೀಬೇಕಲ್ಲ, ಟೈಮ್ ಎಲ್ಲಿದೆ?’ ಅಂತೀರಾ? ಚೆಕಾಫ್‌ನ ಈ ಕತೆ ಒಂದೇ ಪೀರಿಯಡ್‌ನಲ್ಲಿ ಗಟ್ಟಿಯಾಗಿ ಓದಿ ಮುಗಿಸಬಹುದಾದಷ್ಟು ಚಿಕ್ಕದು. ನೋಟ್ಸ್ ಬರೆಸೋಕೆ ಇರೋ ಟೈಮ್ ಓದೋಕೆ ಇಲ್ಲ ಅಂದ್ರೆ ನಂಬೋದು ಕಷ್ಟ.
‘ಬಿಕಾಂ ಹುಡುಗರಿಗೆ ಕತೆ ಯಾಕೆ?’ ಅನ್ನೋರಿಗೆ: ನಾಳೆ ಲೋನ್ ಕೇಳೋಕೆ ಎದುರಿಗೆ ಬಂದು ಕೂರೋದು ಬ್ಯಾಲೆನ್ಸ್ ಶೀಟ್ ಅಲ್ಲ, ಮನುಷ್ಯ. ನಮ್ಮಲ್ಲಿ ತುಂಬಾ ಜನಕ್ಕೆ ಭಾಷಾ ಪೇಪರ್ ಮುಗಿದ ಮೇಲೆ ಇನ್ನೊಂದು ಕತೆ ಕೈಗೆ ಬರೋದೇ ಡೌಟು. ಇರೋ ಒಂದೇ ಅವಕಾಶವನ್ನೂ ಗೈಡ್‌ಗೆ ಬಿಟ್ಟುಕೊಟ್ಟಿದ್ದೀವಿ.

6/6
ಇದು ಬರೀ ಮಾರ್ಕ್ಸ್ ವಿಷಯ ಅಲ್ಲ. ಮನುಷ್ಯರನ್ನ ಒಂದೇ ಪದದಲ್ಲಿ ಮುಗಿಸೋ ಚಾಳಿ ಇಲ್ಲಿಂದಾನೇ ಗಟ್ಟಿಯಾಗುತ್ತೆ. ಕಾಮೆಂಟ್‌ನಲ್ಲಿ ಯಾರನ್ನೋ ‘ಶೋ ಆಫ್’, ‘ಅಟಿಟ್ಯೂಡ್’ ಅಂತ ಬರೆದು ಸ್ಕ್ರೋಲ್ ಮಾಡ್ತೀವಲ್ಲ, ಅದೂ ವೋಚರ್ ಇಲ್ಲದ ಎಂಟ್ರಿನೇ. ಮನೆಯಲ್ಲಿ ಅಜ್ಜಿಗೆ ‘ಹಠಮಾರಿ’ ಅಂತ ಹೆಸರಿಟ್ಟು ಮಾತು ನಿಲ್ಲಿಸೋದೂ ಅಷ್ಟೇ.
ಪ್ರಶ್ನೆಪತ್ರಿಕೆ ತೆಗೆಯೋರಿಗೆ ನನ್ನ ಬೇಡಿಕೆ ಇಷ್ಟೇ: ‘ಪಾತ್ರ ಚಿತ್ರಿಸಿ’ ಬಿಡಿ. ‘ಮಂಗಮ್ಮ ಜಾಕೀಟು ಯಾಕೆ ಹೊಲಿಸಿಕೊಂಡಳು? ಕತೆಯಿಂದಲೇ ಆಧಾರ ಕೊಡಿ’ ಅಂತ ಕೇಳಿ. ಇದಕ್ಕೆ ಗೈಡ್ ಸಾಲದು, ಕತೆ ಓದಲೇಬೇಕು.
ನೀವು ಓದಿದ್ರೆ ಕಾಮೆಂಟ್‌ನಲ್ಲಿ ಹೇಳಿ: ಜಾಕೀಟು ಯಾಕೆ? ವೋಚರ್ ಸಮೇತ 🙂

#ಸಣ್ಣಕತೆ #ಮಾಸ್ತಿ #ಚೆಕಾಫ್ #ಬಿಕಾಂಕನ್ನಡ