ನೋವು ಇಳಿಯಿತು, ಸರಿ, ಇಳಿಸಿದ್ದು ಯಾರು?

‘ನೋವು ಹೋದರೆ ಸಾಕಲ್ಲವೆ, ಅದಕ್ಕೆ ಪರೀಕ್ಷೆ ಬೇರೆ ಯಾಕೆ?’ ಲೇಸರ್ ಚಿಕಿತ್ಸೆಯ ಮಾತು ಬಂದಾಗಲೆಲ್ಲ ಈ ಪ್ರಶ್ನೆ ತೂರಿಬರುತ್ತದೆ. ಕುತ್ತಿಗೆಯೋ ಸೊಂಟವೋ ಹಿಡಿದುಕೊಂಡವರು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಹತ್ತು ಸಿಟ್ಟಿಂಗಿಗೆ ಮುಂಗಡ ಕಟ್ಟುವ ಹೊತ್ತಿಗೆ ಇದು ಕರುಣೆಯ ಮಾತಿನಂತೆಯೇ ಕೇಳಿಸುತ್ತದೆ. ನನ್ನ ಪ್ರಕಾರ ಇದು ರೋಗಿಯನ್ನು ಕೈಬಿಡುವ ಮಾತು.

ಹಳೆಯ ನೋವಿಗೆ ಏರಿಳಿತ ಸಹಜ. ತಡೆಯಲಾರದಷ್ಟು ಏರಿದಾಗ ತಾನೇ ನಾವು ಕ್ಲಿನಿಕ್ಕಿನ ಮೆಟ್ಟಿಲು ಹತ್ತುವುದು? ಅಲ್ಲಿಂದಾಚೆಗೆ ಅದು ತಾನಾಗಿ ಇಳಿಯುವ ಸಂಭವವೇ ಹೆಚ್ಚು. ಇಳಿದ ಕೀರ್ತಿ ಮಾತ್ರ ಯಂತ್ರದ ಪಾಲು.

ಅನುಭವ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಹ್ಯೂಸ್ಟನ್ನಿನ ಮಾಜಿ ಸೈನಿಕರ ಆಸ್ಪತ್ರೆಯ ಕಥೆ ನೋಡಿ. ಬ್ರೂಸ್ ಮೋಸ್ಲಿ ಎಂಬ ಮೂಳೆ ಶಸ್ತ್ರವೈದ್ಯರು ಮಂಡಿ ಸವೆದ 180 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಂಡಿಯೊಳಗೆ ಹೆರೆದು ಸ್ವಚ್ಛಮಾಡುವ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಬರೀ ತೊಳೆಯುವುದು, ಮೂರನೆಯದಕ್ಕೆ ನಾಟಕ. ಯಾರಿಗೆ ಯಾವುದು ಎಂಬುದು ಆಪರೇಷನ್ ಕೋಣೆಯಲ್ಲಿ ಲಕೋಟೆ ಒಡೆದಾಗಲೇ ವೈದ್ಯರಿಗೂ ಗೊತ್ತಾಗುತ್ತಿದ್ದುದು. ನಾಟಕದ ಸರದಿ ಬಂದರೆ ಚರ್ಮ ಮಾತ್ರ ಕೊಯ್ಯುತ್ತಿದ್ದರು. ಉಪಕರಣಗಳನ್ನು ಕೇಳಿ ಪಡೆಯುತ್ತಿದ್ದರು, ಕಾಲನ್ನು ಮಡಿಸಿ ಚಾಚುತ್ತಿದ್ದರು, ತೊಳೆಯುವ ಸದ್ದು ಬರಲೆಂದು ನೀರು ಚಿಮ್ಮಿಸುತ್ತಿದ್ದರು. 2002ರಲ್ಲಿ ಫಲಿತಾಂಶ ಹೊರಬಿತ್ತು: ಎರಡು ವರ್ಷ ಕಾದು ನೋಡಿದರೂ ಮೂರು ಗುಂಪುಗಳ ನೋವಿನಲ್ಲಿ ವ್ಯತ್ಯಾಸವಿರಲಿಲ್ಲ. ಅಲ್ಲಿಯವರೆಗೆ ಆ ಶಸ್ತ್ರಚಿಕಿತ್ಸೆಯಿಂದ ಗುಣವಾಯಿತೆಂದು ಕೈಮುಗಿದವರು ಎಷ್ಟು ಜನವೋ!

ಚಾಕು ಹಿಡಿದ ವೈದ್ಯರೇ ಇಷ್ಟು ಕಷ್ಟಪಟ್ಟು ಪರೀಕ್ಷೆಗೆ ಒಡ್ಡಿಕೊಂಡಿರುವಾಗ ಲೇಸರಿನವರಿಗೆ ಏನು ನೆಪ? ನೋವಿಗೆ ಬಳಸುವ ಹಲವು ಲೇಸರುಗಳ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಚರ್ಮಕ್ಕೆ ಬಿಸಿಯೂ ತಾಗುವುದಿಲ್ಲ. ಒಂದೇ ಬಗೆಯ ಎರಡು ಯಂತ್ರ ಇಟ್ಟು ಒಂದರಲ್ಲಿ ಕಿರಣವನ್ನೇ ತಡೆದರೆ ಸಾಕು. ಮಲಗಿದವರಿಗೂ ತಿಳಿಯದು, ಯಂತ್ರ ಹಿಡಿದವರಿಗೂ ತಿಳಿಯದು. ಪರೀಕ್ಷಿಸಲು ಇದಕ್ಕಿಂತ ಅನುಕೂಲವಾದ ಚಿಕಿತ್ಸೆ ಸಿಗುವುದು ಅಪರೂಪ.

ಪರೀಕ್ಷೆ ಮಾಡಿದವರು ಇಲ್ಲವೆಂದಲ್ಲ. 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಸಮೀಕ್ಷೆ 16 ಪ್ರಯೋಗಗಳ 820 ರೋಗಿಗಳನ್ನು ಒಟ್ಟಿಗೆ ನೋಡಿ, ಹಳೆಯ ಕುತ್ತಿಗೆ ನೋವಿನಲ್ಲಿ ಚಿಕಿತ್ಸೆ ಮುಗಿದ ಮೇಲೂ 22 ವಾರಗಳವರೆಗೆ ಉಪಶಮನ ಕಂಡಿತು. ಸೊಂಟ ನೋವಿನ ವಿಷಯದಲ್ಲಿ ಅಂಥ ಧೈರ್ಯ ಇಲ್ಲ. 2017ರಲ್ಲಿ ಅಮೆರಿಕದ ವೈದ್ಯರ ಕಾಲೇಜು ತನ್ನ ಮಾರ್ಗಸೂಚಿಯಲ್ಲಿ ಲೇಸರಿಗೆ ಜಾಗ ಕೊಟ್ಟರೂ ಪುರಾವೆಯ ಗುಣಮಟ್ಟ ಕಡಿಮೆ ಎಂದೇ ಬರೆಯಿತು. ಎಂದಮೇಲೆ ‘ಎಲ್ಲ ನೋವಿಗೂ ಲೇಸರ್’ ಎಂಬ ಬೋರ್ಡು ಸುಳ್ಳು. ‘ಲೇಸರ್ ಎಲ್ಲವೂ ಬೂಟಾಟಿಕೆ’ ಎಂಬ ಜಾಣತನವೂ ಅಷ್ಟೇ ಸುಳ್ಳು.

ಲೇಸರ್ ಪರವಾದ ಒಂದು ವಾದಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಸೋತ ಪ್ರಯೋಗಗಳಲ್ಲಿ ಎಷ್ಟೋ ಸಲ ಡೋಸೇ ಸಾಲದು ಎನ್ನುತ್ತಾರೆ ಅವರು. ನಿಜ, ಕಾಲು ಮಾತ್ರೆ ನುಂಗಿಸಿ ಔಷಧಿ ಕೆಲಸ ಮಾಡಲಿಲ್ಲ ಎನ್ನುವುದು ನ್ಯಾಯವಲ್ಲ. ಮಂಡಿ ಸವೆತದ 22 ಪ್ರಯೋಗಗಳನ್ನು ಪರಿಶೀಲಿಸಿ 2019ರಲ್ಲಿ ಬಂದ ಸಮೀಕ್ಷೆಯೂ ಶಿಫಾರಸಾದ ಡೋಸು ಕೊಟ್ಟ ಕಡೆ ನೋವು ಹೆಚ್ಚು ತಗ್ಗಿದೆ ಎಂದಿತು. ಆದರೆ ಗೆದ್ದರೆ ಲೇಸರಿನ ಮಹಿಮೆ, ಸೋತರೆ ಡೋಸಿನ ತಪ್ಪು ಎಂದಾಗಿಬಿಟ್ಟರೆ ಆ ಚಿಕಿತ್ಸೆಗೆ ಸೋಲೇ ಇಲ್ಲ. ಸೋಲೇ ಇಲ್ಲದ್ದಕ್ಕೆ ಗೆಲುವೂ ಇಲ್ಲ. ಅದಕ್ಕೇ ತರಂಗಾಂತರ ಎಷ್ಟು, ಒಂದೊಂದು ಜಾಗಕ್ಕೆ ಎಷ್ಟು ಜೂಲ್ ಶಕ್ತಿ, ಎಷ್ಟು ವಾರ ಎಂಬುದನ್ನು ಮೊದಲೇ ಬರೆದಿಡಬೇಕು. ಬರೆದಿಡಲು ನಮ್ಮಲ್ಲೇ 2007ರಿಂದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇದೆ. ಇನ್ನು ಯಂತ್ರ ಮಾರುವವರು ತೋರಿಸುವ, ಅಮೆರಿಕದ ಔಷಧ-ಉಪಕರಣ ನಿಯಂತ್ರಣ ಸಂಸ್ಥೆಯ ‘ಎಫ್‌ಡಿಎ ಕ್ಲಿಯರೆನ್ಸ್’ ಬಹುಪಾಲು ಹೇಳುವುದು, ಈ ಯಂತ್ರ ಆಗಲೇ ಮಾರುಕಟ್ಟೆಯಲ್ಲಿರುವ ಇನ್ನೊಂದರಂತಿದೆ ಎಂದಷ್ಟೆ.

ಹುಸಿ ಯಂತ್ರದಿಂದ ಸಿಕ್ಕ ನೆಮ್ಮದಿಯೂ ನೆಮ್ಮದಿಯೇ, ಒಪ್ಪೋಣ. ಆದರೆ ಅದಕ್ಕೆ ಅಸಲಿ ಯಂತ್ರದ ಬೆಲೆ ತೆರುವುದೇಕೆ? ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದವರಿಗೆ ಹತ್ತನೇ ಸಿಟ್ಟಿಂಗಿನವರೆಗೂ ‘ಇನ್ನೂ ಸ್ವಲ್ಪ ನೋಡೋಣ’ ಎನ್ನುವುದು ಚಿಕಿತ್ಸೆಯಲ್ಲ, ವ್ಯಾಪಾರ. ಯಾವ ನೋವಿಗೆ ಪುರಾವೆ ಇದೆ, ಎಷ್ಟು ಡೋಸು ಕೊಡುತ್ತೀರಿ, ಗುಣ ಕಾಣದಿದ್ದರೆ ಯಾವಾಗ ನಿಲ್ಲಿಸುತ್ತೀರಿ ಎಂದು ದುಡ್ಡು ಕಟ್ಟುವ ಮುನ್ನ ಕೇಳುವ ಹಕ್ಕು ರೋಗಿಗಿದೆ. ಉತ್ತರ ಕೊಡಲಾಗದ ಕ್ಲಿನಿಕ್ಕು ಆ ದುಡ್ಡು ಮುಟ್ಟಬಾರದು.