ಇಡಿಯ ಯಾನವೋ, ಬಿಡಿ ಹಂತಗಳೋ?

ವಿಹಾರ ನೌಕೆಯೇರಿ ಭೂಮಂಡಲವನ್ನೊಮ್ಮೆ ಸುತ್ತಿ ಬರಬೇಕೆಂಬ ಆಸೆ ಈಗ ನಮ್ಮ ಮಧ್ಯಮ ವರ್ಗದ ಮನೆಗಳ ಹೊಸ್ತಿಲನ್ನೂ ದಾಟಿ ಒಳಗೆ ಬಂದಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ನಿವೃತ್ತರಾಗಿದ್ದಾರೆ. ಮಿಕ್ಕವರು ಆ ಅಂಚಿನಲ್ಲಿದ್ದಾರೆ. ಅವರಲ್ಲೊಬ್ಬರು ಕಳೆದ ತಿಂಗಳು ನನಗೊಂದು ಪ್ರಶ್ನೆ ಕಳುಹಿಸಿದರು. ದಂಪತಿಗಳಿಬ್ಬರೂ ಮೂರೂವರೆ ತಿಂಗಳ ಒಂದು ದೀರ್ಘ ಯಾನಕ್ಕೆ ಹೋಗಬೇಕೆಂದಿದ್ದಾರೆ. ಇಡಿಯ ಯಾನವನ್ನು ಒಂದೇ ಟಿಕೆಟ್ಟಾಗಿ ಕೊಂಡರೆ ದಿನವೊಂದಕ್ಕೆ ಬೀಳುವ ದರ ಕಡಿಮೆಯೆಂದು ಏಜೆಂಟರ ವಾದ. ಒಂದೊಂದು ಹಂತವನ್ನಾಗಿ ಕೊಳ್ಳಿರೆಂದು ಮಗಳ ವಾದ. ಹಣ ಬರಬೇಕಾದದ್ದು ಗ್ರಾಚ್ಯುಟಿ ಮತ್ತು ಭವಿಷ್ಯನಿಧಿಯಿಂದ. ಮನೆಯಲ್ಲಿ ಎಂಬತ್ತನಾಲ್ಕು ವರ್ಷದ ತಾಯಿಯವರಿದ್ದಾರೆ. ಆ ಅವಧಿಯಲ್ಲಿ ತಮ್ಮ ನೋಡಿಕೊಳ್ಳುತ್ತಾನಂತೆ. 'ಸರ್, ನಿಮ್ಮ ಅಭಿಪ್ರಾಯವೇನು?' ಎಂದು ಕೇಳಿದ್ದಾರೆ.

ಇದೇ ಪ್ರಶ್ನೆ ಇನ್ನೂ ಕೆಲವರ ಮನಸ್ಸಿನಲ್ಲಿರಬಹುದೆಂದು ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ. ಭಾರತದ ಪಾಸ್‌ಪೋರ್ಟು, ಅರವತ್ತರ ಆಚೆಯ ವಯಸ್ಸು, ಊರಿನಲ್ಲಿ ವೃದ್ಧರಾದ ತಂದೆತಾಯಿಗಳು, ಈ ಮೂರೂ ಇರುವವರು ಹಂತಗಳಲ್ಲಿಯೇ ಕೊಳ್ಳಬೇಕು, ಅದರಲ್ಲೂ ಮೊದಲಿಗೆ ಒಂದೇ ಒಂದು ಹಂತವನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಡಗಿನ ವ್ಯಾಪಾರದಲ್ಲಿ ಮೇಷ್ಟರಿಗೇನು ಕೆಲಸವೆಂದು ಯಾರಾದರೂ ನಗಬಹುದು. ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿದ ಮೇಲೆಯೇ ಲೇಖನಿ ಎತ್ತಬೇಕೆಂದು ನಿಮಗೆಲ್ಲ ಹೇಳಿಕೊಟ್ಟವನು ನಾನು. ಈ ಕಂಪನಿಗಳ ಷರತ್ತುಗಳ ಪುಟಗಳನ್ನೂ ಹಾಗೆಯೇ ಎರಡೆರಡು ಸಲ ಓದಿದ್ದೇನೆ.

ಇಡಿಯೋ ಬಿಡಿಯೋ ಎಂಬುದು ಹೊಸ ಸಮಸ್ಯೆಯೇನಲ್ಲ. 1872ರಲ್ಲಿ ಥಾಮಸ್ ಕುಕ್ ಎಂಬ ಇಂಗ್ಲಿಷ್ ಗೃಹಸ್ಥರು ಮೊತ್ತಮೊದಲ ಬಾರಿಗೆ ಒಂದು ತಂಡವನ್ನು ಲೋಕ ಸುತ್ತಿಸಲು ಹೊರಟಾಗ ಅವರು ಬಳಸಿದ್ದು ಬಿಡಿ ಹಂತಗಳನ್ನೇ. ಒಂದು ಸಮುದ್ರಕ್ಕೆ ಒಂದು ಹಡಗು, ಅಮೆರಿಕವನ್ನು ದಾಟಲು ರೈಲು, ಮತ್ತೆ ಬೇರೊಂದು ಹಡಗು. ಹೀಗೆ 222 ದಿನ. ಒಂದೇ ಹಡಗಿನಲ್ಲಿ ಹತ್ತಿ, ಅದೇ ಕೋಣೆಯಲ್ಲಿ ಮಲಗೆದ್ದು, ಲೋಕವನ್ನು ಸುತ್ತಿ ಹೊರಟಲ್ಲಿಗೇ ಬಂದಿಳಿಯುವ ಪದ್ಧತಿ ಬಂದದ್ದು ಅರ್ಧ ಶತಮಾನದ ತರುವಾಯ. 1922ರ ನವೆಂಬರಿನಲ್ಲಿ ಕುನಾರ್ಡ್ ಕಂಪನಿಯ 'ಲಕೋನಿಯಾ' ನ್ಯೂಯಾರ್ಕಿನಿಂದ ಹೊರಟಿತು. ನಮ್ಮ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋದ ಮೂವತ್ತರ ದಶಕದಲ್ಲಿಯೂ ಭಾರತೀಯರಿಗೆ ಹಡಗೆಂದರೆ ಊರು ಮುಟ್ಟಿಸುವ ವಾಹನವಷ್ಟೆ. ಹಡಗೇ ಊರಾಗುವುದೆಂಬ ಕಲ್ಪನೆ ನಮಗೆ ಬಂದದ್ದು ತೀರ ಈಚೆಗೆ.

ಇಂದು ಮಾರಾಟವಾಗುವ ಬಗೆ ಹೀಗಿದೆ. ಹಡಗು ಸಾಮಾನ್ಯವಾಗಿ ಜನವರಿಯಲ್ಲಿ ಸೌತಾಂಪ್ಟನ್ನಿನಿಂದಲೋ ಫ್ಲಾರಿಡಾದ ಬಂದರೊಂದರಿಂದಲೋ ಹೊರಟು ನೂರಕ್ಕೂ ಮಿಕ್ಕ ದಿನಗಳಲ್ಲಿ ಮರಳುತ್ತದೆ. ಈ ಯಾನವನ್ನು ಕಂಪನಿಯೇ ಹಂತಗಳಾಗಿ ಕತ್ತರಿಸಿ ಮಾರುತ್ತದೆ. 2023ರ ಡಿಸೆಂಬರಿನಲ್ಲಿ ಮಯಾಮಿಯಿಂದ ಹೊರಟ 'ಸೆರೆನೇಡ್ ಆಫ್ ದಿ ಸೀಸ್' ಹಡಗಿನ ಯಾನ 274 ರಾತ್ರಿಗಳದ್ದು; ಅದನ್ನು ಇಡಿಯಾಗಿಯೂ ಮಾರಿದರು, ನಾಲ್ಕು ಹಂತಗಳಾಗಿಯೂ ಮಾರಿದರು. ಹೀಗಾಗಿ ಒಂದೇ ಹಡಗಿನಲ್ಲಿ ಎರಡು ಜಾತಿಯ ಪ್ರಯಾಣಿಕರಿರುತ್ತಾರೆ. ಇಡಿಯ ಯಾನದವರಿಗೆ ದಿನದ ದರ ಸಾಮಾನ್ಯವಾಗಿ ಅಗ್ಗ. ಸಾಲದುದಕ್ಕೆ ಬಟ್ಟೆ ಒಗೆತ, ಸಿಬ್ಬಂದಿಯ ಭಕ್ಷೀಸು, ಕೆಲವೆಡೆ ವಿಮಾನದ ಟಿಕೆಟ್ಟು, ಹೊರಡುವ ಮುನ್ನ ಒಂದು ಭರ್ಜರಿ ಔತಣ ಎಲ್ಲವೂ ಸೇರಿರುತ್ತವೆ. ಹಂತದವರು ಇವನ್ನೆಲ್ಲ ಬೇರೆಯಾಗಿ ತೆರಬೇಕು. ಏಜೆಂಟರು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ಅವರು ಹೇಳುತ್ತಿರುವುದು ಲೆಕ್ಕದ ಒಂದು ಸಾಲನ್ನು ಮಾತ್ರ.

ನಮ್ಮ ರೈಲ್ವೆಯಲ್ಲಿ ವರ್ತುಲ ಪ್ರಯಾಣದ ಟಿಕೆಟ್ಟು ಎಂಬುದೊಂದಿದೆ. ಹೊರಟ ಊರಿಗೇ ಮರಳುವಂತೆ ದಾರಿಯನ್ನು ಗೊತ್ತುಮಾಡಿ ಒಂದೇ ಟಿಕೆಟ್ಟು ಕೊಂಡರೆ ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುತ್ತದೆ. ಎಂಟು ಕಡೆಗಳವರೆಗೆ ಇಳಿದು, ತಂಗಿ, ಮುಂದುವರಿಯಲೂಬಹುದು. ಇಡಿಯಾಗಿ ಕೊಳ್ಳುವುದೇ ಜಾಣತನವೆಂಬ ನಂಬಿಕೆ ನಮ್ಮ ತಲೆಮಾರಿಗೆ ಬಂದದ್ದು ಇಂಥ ಟಿಕೆಟ್ಟುಗಳಿಂದಲೇ ಇರಬೇಕು. ಹಡಗಿನ ಟಿಕೆಟ್ಟು ಹಾಗಲ್ಲ. ಕೊಲಂಬೊದಲ್ಲಿ ಇಳಿದು, ಊರಿಗೆ ಬಂದು, ಮದುವೆಯೋ ಶ್ರಾದ್ಧವೋ ಮುಗಿಸಿಕೊಂಡು ಮುಂದಿನ ಬಂದರಿನಲ್ಲಿ ಹತ್ತುತ್ತೇನೆಂದರೆ ಕಂಪನಿಯ ಅನುಮತಿಯನ್ನು ಮೊದಲೇ ಪಡೆದಿರಬೇಕು. ನೀವು ಕೋಣೆಯಲ್ಲಿರಲಿ ಬಿಡಲಿ, ಆ ದಿನಗಳ ಹಣ ಮರಳುವುದಿಲ್ಲ.

ಷರತ್ತುಗಳಲ್ಲಿ ನನ್ನ ಕಣ್ಣು ನಿಂತದ್ದು ಇಲ್ಲಿಯೇ. ಪೂರ್ಣ ಹಣವನ್ನು ಹೊರಡುವುದಕ್ಕೆ ಹಲವು ತಿಂಗಳ ಮೊದಲೇ ಕಟ್ಟಬೇಕು. ರದ್ದು ಮಾಡಿದರೆ ಕಡಿತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಹೋಗಿ ಕೊನೆಗೆ ಪೂರ್ತಿ ಹಣವೇ ಮುಳುಗುತ್ತದೆ. ನಡುದಾರಿಯಲ್ಲಿ ಯಾನವನ್ನು ಬಿಟ್ಟು ಬಂದವರಿಗೆ ಉಳಿದ ದಿನಗಳ ಹಣ ಸಾಮಾನ್ಯವಾಗಿ ಇಲ್ಲ. ಹಂತಗಳಾಗಿ ಕೊಂಡಾಗ ಒಂದೊಂದಕ್ಕೂ ಅದರದರ ಗಡುವು, ಅದರದರ ಕಡಿತ. ಮೊದಲನೆಯ ಹಂತದ ಇಪ್ಪತ್ತನೆಯ ದಿನ ಊರಿನಿಂದ ಕರೆ ಬಂತೆನ್ನಿ. ನಷ್ಟವಾಗುವುದು ಮೊದಲನೆಯ ಹಂತದ ಶೇಷ. ಎರಡನೆಯದರ ಗಡುವು ಇನ್ನೂ ಬಂದಿಲ್ಲದಿದ್ದರೆ ಅದರ ಬಹುಪಾಲು ಹಣ ಉಳಿಯುತ್ತದೆ. ನನಗೆ ಹಣಕ್ಕಿಂತ ಹೆಚ್ಚಾಗಿ ಕಾಡುವುದು ಬೇರೊಂದು ಮಾತು. ತಾಯಿಗೆ ಹುಷಾರಿಲ್ಲವೆಂದು ತಿಳಿದ ಮಗ, ಪೆಸಿಫಿಕ್ಕಿನ ನಡುವೆ ಕುಳಿತು, ಹೊರಟು ಬಂದರೆ ಮುಳುಗಲಿರುವ ಲಕ್ಷಗಳನ್ನು ಮನಸ್ಸಿನಲ್ಲಿ ಎಣಿಸುವಂತಾಗಬಾರದು. ಒಳ್ಳೆಯ ಮಗನೂ ಎಣಿಸುತ್ತಾನೆ. ಎಣಿಸಿದ್ದಕ್ಕಾಗಿ ಆಮೇಲೆ ಬಹಳ ವರ್ಷ ಕೊರಗುತ್ತಾನೆ.

ಇನ್ನು ವೀಸಾದ ಮಾತು. ಇಂಗ್ಲಿಷ್ ಭಾಷೆಯ ಪ್ರವಾಸ ಪುಸ್ತಕಗಳಲ್ಲಿ ಇದಕ್ಕೆ ಎರಡು ಸಾಲೂ ಸಿಗುವುದಿಲ್ಲ, ಏಕೆಂದರೆ ಅವನ್ನು ಬರೆಯುವವರ ಪಾಸ್‌ಪೋರ್ಟಿಗೆ ಹೆಚ್ಚಿನ ಬಂದರುಗಳ ಬಾಗಿಲು ತಾನಾಗಿಯೇ ತೆರೆಯುತ್ತದೆ. ನಮಗೆ ಅಮೆರಿಕಕ್ಕೊಂದು, ಬ್ರಿಟನ್ನಿಗೊಂದು, ಯುರೋಪಿನ ಶೆಂಗೆನ್ ದೇಶಗಳಿಗೊಂದು, ಆಸ್ಟ್ರೇಲಿಯಕ್ಕೊಂದು, ನ್ಯೂಜಿಲೆಂಡಿಗೊಂದು, ಜಪಾನಿಗೊಂದು ವೀಸಾ ಬೇಕು. ಇಡಿಯ ಯಾನದವನು ಹತ್ತುವ ದಿನವೇ ದಾರಿಯ ಎಲ್ಲ ವೀಸಾಗಳನ್ನೂ ತೋರಿಸಬೇಕಾಗಿ ಬರುತ್ತದೆ. ಒಂದು ಇಲ್ಲದಿದ್ದರೂ ಹತ್ತಿಸಿಕೊಳ್ಳದಿರುವ ಹಕ್ಕು ಕಂಪನಿಗಿದೆ. ಇಲ್ಲೊಂದು ಗಂಟಿದೆ. ಶೆಂಗೆನ್ ವೀಸಾಕ್ಕೆ ಪ್ರವಾಸದ ದಿನಕ್ಕಿಂತ ಆರು ತಿಂಗಳಿಗೂ ಮೊದಲು ಅರ್ಜಿ ಹಾಕುವಂತಿಲ್ಲ. 274 ರಾತ್ರಿಗಳ ಯಾನದಂಥದರಲ್ಲಿ ಯುರೋಪಿನ ಬಂದರುಗಳು ಏಳನೆಯ, ಎಂಟನೆಯ ತಿಂಗಳಿಗೆ ಬಿದ್ದರೆ, ಹೊರಡುವ ಮೊದಲು ಅರ್ಜಿ ಹಾಕುವುದೇ ಸಾಧ್ಯವಿಲ್ಲ. ಹಲವು ವರ್ಷಗಳ ಬಹುಪ್ರವೇಶ ವೀಸಾ ಮೊದಲೇ ಕೈಯಲ್ಲಿದ್ದವನು ಮಾತ್ರ ನೆಮ್ಮದಿಯಾಗಿರಬಹುದು. ಮೂರೂವರೆ ತಿಂಗಳ ಯಾನದಲ್ಲಿ ಈ ಗಂಟು ಇಷ್ಟು ಬಿಗಿಯಲ್ಲ, ನಿಜ. ಆದರೂ ಐದಾರು ಅರ್ಜಿಗಳನ್ನು ಒಂದೇ ಪಾಸ್‌ಪೋರ್ಟಿನ ಮೇಲೆ ಒಂದರ ಹಿಂದೊಂದು ಹಾಕಬೇಕು. ಕೆಲವು ಕಚೇರಿಗಳು ಪಾಸ್‌ಪೋರ್ಟನ್ನು ವಾರಗಟ್ಟಲೆ ಇಟ್ಟುಕೊಳ್ಳಬಹುದು. ಹಣ ಕಟ್ಟುವ ಗಡುವು ಮಾತ್ರ ಯಾರಿಗೂ ಕಾಯುವುದಿಲ್ಲ. ಶೆಂಗೆನ್ ದೇಶಗಳೆಲ್ಲ ಸೇರಿ ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲವೆಂಬುದನ್ನೂ, ಯಾನ ಮುಗಿಸಿ ಜರ್ಮನಿಯ ಮಗನ ಮನೆಯಲ್ಲಿ ಎರಡು ತಿಂಗಳು ಇದ್ದು ಬರುವ ಯೋಚನೆಯುಳ್ಳವರು ಮರೆಯಬಾರದು.

ಹಂತವನ್ನು ಕೊಂಡವನಿಗೆ ಎರಡೋ ಮೂರೋ ವೀಸಾ ಸಾಕು. ಉಳಿದದ್ದಕ್ಕೆ ಊರಿಗೆ ಮರಳಿ ಬಂದ ಮೇಲೆ ನಿಧಾನವಾಗಿ ಅರ್ಜಿ ಹಾಕಬಹುದು. ವಿಮಾ ಪಾಲಿಸಿಗಳಲ್ಲಿಯೂ ಒಂದು ಪ್ರವಾಸಕ್ಕೆ ಇಷ್ಟೇ ದಿನವೆಂಬ ಮಿತಿಯಿರುತ್ತದೆ. ವಯಸ್ಸು ಏರಿದಂತೆ ಕಂತೂ ಏರುತ್ತದೆ. ಹಡಗಿನ ವೈದ್ಯರ ಬಿಲ್ಲನ್ನು ನಮ್ಮ ಊರಿನ ಆರೋಗ್ಯವಿಮೆ ತೆರುವುದೆಂದು ಯಾರೂ ಭಾವಿಸದಿರಲಿ.

ಎದುರು ಪಕ್ಷದಲ್ಲಿ ಸತ್ವವಿಲ್ಲವೆನ್ನಲಾರೆ. ಇಡಿಯ ಯಾನದವರ ಕೋಣೆ ಕೊನೆಯವರೆಗೂ ಅವರದೇ. ಹಂತಗಳನ್ನು ಬೇರೆ ಬೇರೆಯಾಗಿ ಕೊಂಡು ಜೋಡಿಸಿದವರು ನಡುವೆ ಕೋಣೆ ಬದಲಿಸಬೇಕಾಗಿ ಬರಬಹುದು. ತಮಗೆ ಬೇಕಾದ ಹಂತವೇ ಮಾರಾಟವಾಗಿ ಹೋಗಿಯೂ ಇರಬಹುದು. ಮೂರು ತಿಂಗಳು ಒಟ್ಟಿಗೆ ಉಂಡವರ ನಡುವೆ ಬೆಳೆಯುವ ಸ್ನೇಹ ಮೂರು ವಾರದವನಿಗೆ ಸಿಗುವುದಿಲ್ಲ. 2020ರ ಉದಾಹರಣೆಯೂ ಅವರ ಕಡೆಗೇ ವಾಲುತ್ತದೆ. ಕೊರೋನಾ ಹಬ್ಬಿ ಬಂದರುಗಳು ಬಾಗಿಲು ಮುಚ್ಚಿದ ಮೇಲೆ 'ಎಂಎಸ್‌ಸಿ ಮ್ಯಾಗ್ನಿಫಿಕಾ', 'ಕೋಸ್ಟಾ ಡೆಲಿಜಿಯೋಸಾ', 'ಪೆಸಿಫಿಕ್ ಪ್ರಿನ್ಸೆಸ್' ಎಂಬ ಮೂರು ಹಡಗುಗಳು ತಮ್ಮ ಲೋಕಯಾನದ ಪ್ರಯಾಣಿಕರನ್ನು ಹೊತ್ತು ಏಪ್ರಿಲ್ 20ರ ಸುಮಾರಿಗೆ ದಡ ಸೇರಿದವು. ಕೊನೆಯವರೆಗೂ ಕರೆದೊಯ್ಯುವ ಹೊಣೆ ಕಂಪನಿಯ ಮೇಲಿದ್ದದ್ದರಿಂದ ಅಂಥವರಿಗೆ ಒಂದು ಸೂರಾದರೂ ಇತ್ತು.

ಆದರೆ ಆ ಹೊಣೆಯನ್ನು ಎಷ್ಟು ದೂರ ನಂಬಬಹುದು? 2023ರಲ್ಲಿ 'ಲೈಫ್ ಅಟ್ ಸೀ' ಎಂಬ ಹೆಸರಿನಲ್ಲಿ ಮೂರು ವರ್ಷಗಳ ಯಾನವನ್ನು ಮಾರಿದರು. ಹೊರಡುವ ದಿನವನ್ನು ಮುಂದೂಡುತ್ತ ಹೋಗಿ ನವೆಂಬರಿನಲ್ಲಿ ಯಾನವನ್ನೇ ರದ್ದುಮಾಡಿದರು. ಕೊಳ್ಳಬೇಕಾಗಿದ್ದ ಹಡಗೇ ಅವರ ಕೈಗೆ ಬಂದಿರಲಿಲ್ಲ. ಮನೆಗಳನ್ನು ಮಾರಿ, ಬಾಡಿಗೆಗೆ ಕೊಟ್ಟು ಹೊರಟವರು ಅವರಲ್ಲಿದ್ದರೆಂದು ಪತ್ರಿಕೆಗಳು ವರದಿ ಮಾಡಿದವು. 2024ರ ಮೊದಲ ತಿಂಗಳುಗಳಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ನಡೆಯುತ್ತಿದ್ದಾಗ, ನಾನು ಮೇಲೆ ಹೇಳಿದ 'ಸೆರೆನೇಡ್' ಸೇರಿದಂತೆ ಅನೇಕ ಲೋಕಯಾನಗಳು ಸುಯೆಜ್ ದಾರಿಯನ್ನು ಬಿಟ್ಟು ಆಫ್ರಿಕಾವನ್ನು ಸುತ್ತಿಕೊಂಡು ಹೋದವು. ಪಿರಮಿಡ್ ನೋಡುವ ಆಸೆಯಿಂದ ಹೊರಟವರು ಆಫ್ರಿಕಾದ ಕರಾವಳಿಯನ್ನು ನೋಡಿದರು. ಜೀವ ಉಳಿಸುವ ನಿರ್ಧಾರವದು, ತಪ್ಪೆನ್ನಲಾಗದು. ದಾರಿಯನ್ನು ಬದಲಿಸುವ ಹಕ್ಕನ್ನು ಕಂಪನಿ ಷರತ್ತಿನಲ್ಲಿಯೇ ಉಳಿಸಿಕೊಂಡಿರುತ್ತದೆ. ಯಾನ ದೀರ್ಘವಾದಷ್ಟೂ, ಹಣ ಎಷ್ಟು ಮುಂಚೆ ಕಟ್ಟಿದ್ದರೆ ಅಷ್ಟೂ, ಕೊಂಡದ್ದು ಒಂದು ಸಿಕ್ಕಿದ್ದು ಇನ್ನೊಂದು ಆಗುವ ಸಂಭವ ಹೆಚ್ಚು.

ಹಂತಗಳನ್ನು ಜೋಡಿಸುವವರು ಎಚ್ಚರವಾಗಿರಬೇಕಾದ ಒಂದು ವಿಚಿತ್ರ ಕಾನೂನಿದೆ. ಅಮೆರಿಕದಲ್ಲಿ 1886ರಲ್ಲಿ ಬಂದ ಕಾಯಿದೆಯ ಪ್ರಕಾರ, ವಿದೇಶೀ ಧ್ವಜದ ಹಡಗು ಅಲ್ಲಿನ ಒಂದು ಬಂದರಿನಲ್ಲಿ ಹತ್ತಿಸಿಕೊಂಡವರನ್ನು, ದೂರದ ವಿದೇಶೀ ಬಂದರೊಂದನ್ನು ಮುಟ್ಟದೆ, ಅಲ್ಲಿನದೇ ಬೇರೊಂದು ಬಂದರಿನಲ್ಲಿ ಇಳಿಸುವಂತಿಲ್ಲ. ಕೆನಡಾದ ಬಂದರುಗಳು ಆ ಕಾನೂನಿನ ದೃಷ್ಟಿಯಲ್ಲಿ 'ದೂರದವು' ಅಲ್ಲ. ಲಾಸ್ ಏಂಜಲೀಸಿನಿಂದ ವ್ಯಾಂಕೂವರಿಗೆ ಒಂದು ಹಂತ, ವ್ಯಾಂಕೂವರಿನಿಂದ ಅಲಾಸ್ಕಾದ ಸೀವಾರ್ಡಿಗೆ ಇನ್ನೊಂದು. ಎರಡೂ ಬೇರೆಬೇರೆಯಾಗಿ ಶುದ್ಧ. ಅದೇ ಹಡಗಿನಲ್ಲಿ ಎರಡನ್ನೂ ಬೆನ್ನುಬೆನ್ನಿಗೆ ಮಾಡಿದರೆ ಕಾನೂನು ಅದನ್ನು ಒಂದೇ ಪ್ರಯಾಣವೆಂದು ಎಣಿಸುತ್ತದೆ. ಸಂಧಿಯಾದ ಮೇಲೆ ಪದ ಒಂದೇ ಎಂಬ ನಮ್ಮ ವ್ಯಾಕರಣದ ಸೂತ್ರ ಅಮೆರಿಕದ ಸುಂಕದವರಿಗೂ ತಿಳಿದಿದೆ! ಹಣ ಕಟ್ಟಿದ ಮೇಲೆ ಒಂದನ್ನು ರದ್ದುಮಾಡುವ ಪ್ರಸಂಗ ಬರದಂತೆ ಮೊದಲೇ ಕೇಳಿಕೊಳ್ಳಬೇಕು.

ಹಾಗಾದರೆ ಯಾವ ಹಂತ? ನೂತನ ಮಂಗಳೂರು ಬಂದರಿಗೆ ಮಳೆಗಾಲ ಮುಗಿದ ಮೇಲೆ ವಿಹಾರ ನೌಕೆಗಳು ಬರುವುದನ್ನು ನಮ್ಮ ಕರಾವಳಿಯವರು ಬಲ್ಲರು. ಬೆಳಿಗ್ಗೆ ಇಳಿದವರು ಬಸ್ಸೇರಿ ಕಾರ್ಕಳದ ಗೊಮ್ಮಟನನ್ನೋ, ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೋ, ಕುದ್ರೋಳಿಯ ದೇವಸ್ಥಾನವನ್ನೋ ನೋಡಿ ಸಂಜೆಗೆ ಮರಳಿ ಹಡಗಿನಲ್ಲಿರುತ್ತಾರೆ. ಇಡಿಯ ಯಾನದವನಿಗೂ ಹಂತದವನಿಗೂ ಕಾರ್ಕಳದಲ್ಲಿ ಸಿಗುವುದು ಅದೇ ಒಂದು ಗಂಟೆ. ನೂರು ದಿನದ ಟಿಕೆಟ್ಟು ಕೊಂಡವನಿಗೆ ಬಂದರುಗಳ ಸಂಖ್ಯೆ ಹೆಚ್ಚುತ್ತದೆ. ಒಂದೊಂದು ಊರನ್ನು ನೋಡುವ ಅವಧಿ ಹೆಚ್ಚುವುದಿಲ್ಲ. ಹಂತದವನಾದರೋ ಇಳಿದ ಊರಿನಲ್ಲಿ ನಾಲ್ಕು ದಿನ ಉಳಿದು ನೋಡಿಕೊಂಡು ಬರಬಹುದು. ಆದ್ದರಿಂದ ನನ್ನ ಸಲಹೆ, ಸಿಂಗಪುರದಲ್ಲಿಯೋ ದುಬೈಯಲ್ಲಿಯೋ ಮುಗಿಯುವ ಅಥವಾ ಆರಂಭವಾಗುವ ಹಂತವೊಂದನ್ನು ಆರಿಸಿಕೊಳ್ಳಲಿ. ಎರಡೂ ಊರುಗಳಿಗೆ ಬೆಂಗಳೂರಿನಿಂದ ನೇರ ವಿಮಾನವಿದೆ. ಸಿಡ್ನಿಯಿಂದ ಸಿಂಗಪುರದವರೆಗೆ ಎಂದಾದರೆ ವೀಸಾಗಳೂ ಕಡಿಮೆ, ಸಮುದ್ರದ ದಿನಗಳೂ ಸಾಕಷ್ಟು. ಹಡಗಿನ ಬದುಕು ಮೈಗೆ ಹಿಡಿಯುತ್ತದೋ ಇಲ್ಲವೋ ಮೂರು ವಾರದಲ್ಲಿ ತಿಳಿಯುತ್ತದೆ. ಸಸ್ಯಾಹಾರದ ವಿಷಯವನ್ನು ಮೊದಲೇ ಬರೆದು ತಿಳಿಸಲಿ. ವಿದೇಶೀ ಪ್ರವಾಸದ ಪ್ಯಾಕೇಜಿನ ಮೇಲೆ ಏಜೆಂಟರು ಹಿಡಿಯುವ ಟಿಸಿಎಸ್ ತೆರಿಗೆಯ ರಸೀದಿಯನ್ನು ಜೋಪಾನವಾಗಿಟ್ಟುಕೊಂಡರೆ ಆದಾಯ ತೆರಿಗೆಯ ಲೆಕ್ಕ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು.

ಪ್ರಶ್ನೆ ಕೇಳಿದ ಶಿಷ್ಯರಿಗೆ ಇನ್ನೊಂದು ಮಾತು. ಏಜೆಂಟರು ಬಣ್ಣದ ಪುಸ್ತಿಕೆಯನ್ನು ಕೊಟ್ಟಿದ್ದಾರೆಂದು ಬರೆದಿದ್ದೀರಿ, ಷರತ್ತುಗಳ ಪುಟವನ್ನು ಕೊಟ್ಟಿದ್ದಾರೆಂದು ಬರೆದಿಲ್ಲ. ಮುಂಗಡ ಕಟ್ಟುವ ಮೊದಲು ಅದನ್ನು ತರಿಸಿಕೊಂಡು ನನಗೂ ಒಂದು ಪ್ರತಿ ಕಳುಹಿಸಿ. ಅಕ್ಷರಗಳು ಸಣ್ಣವಿದ್ದರೆ ದೊಡ್ಡದು ಮಾಡಿಸಿ ಕಳುಹಿಸಿ.